ಉಬ್ಬಸದ ಪಂಪು: ಮಗುವಿನ ಜೇಬಿನಲ್ಲೋ, ಮೇಷ್ಟ್ರ ಮೇಜಿನಲ್ಲೋ?

ಉಬ್ಬಸ, ಅಲರ್ಜಿ ಇರುವ ಮಕ್ಕಳು ತುರ್ತಿನ ಔಷಧಿಯನ್ನು ಶಾಲೆಯಲ್ಲಿ ತಮ್ಮ ಹತ್ತಿರವೇ ಇಟ್ಟುಕೊಳ್ಳಬೇಕಾ? ಇಬ್ಬರ ಮಾತು ಇಲ್ಲಿದೆ.

ಪರ: ಬೀಗದ ಕೈ ಬರುವವರೆಗೆ ಕಾಯೋಕಾಗಲ್ಲ

ನಾನು ಏಳನೇ ಕ್ಲಾಸಿನಲ್ಲಿದ್ದಾಗ ನನ್ನ ಪಂಪು, ಅಂದರೆ ಉಬ್ಬಸ ಬಂದಾಗ ಬಾಯಿಗಿಟ್ಟು ಎಳೆಯುವ ಇನ್ಹೇಲರ್, ಆಫೀಸ್ ರೂಮಿನ ಕಬ್ಬಿಣದ ಬೀರುವಿನಲ್ಲಿ ಇರುತ್ತಿತ್ತು. ಪ್ರಶ್ನೆಪತ್ರಿಕೆ, ಹಳೇ ಹಾಜರಿ ಪುಸ್ತಕ, ಕ್ರೀಡಾಕೂಟದ ಕಪ್ಪುಗಳ ಜೊತೆ. ಬೀಗದ ಕೈ ಗುಮಾಸ್ತರ ಹತ್ತಿರ. ಡಿಸೆಂಬರ್ ತಿಂಗಳು, ಪಿ.ಟಿ. ಪೀರಿಯಡ್, ಖೋ ಖೋ. ಮೈದಾನದ ತುಂಬ ಕೆಂಪು ಧೂಳು. ಎದೆ ಕಟ್ಟತೊಡಗಿತು.

ಉಬ್ಬಸ ಬಾರದವರಿಗೆ ಇದನ್ನು ಹೇಳೋದು ಕಷ್ಟ. ಉಸಿರು ಒಳಗೆ ಹೋಗಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿಜಕ್ಕೂ ಕಷ್ಟವಾಗೋದು ಹೊರಗೆ ಬಿಡೋಕೆ. ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಕಫ ಕಟ್ಟುತ್ತದೆ. ಹಳೇ ಗಾಳಿ ಒಳಗೇ ಉಳಿಯುತ್ತದೆ, ಅದರ ಮೇಲೆ ಹೊಸದನ್ನು ಎಳೆಯಬೇಕು. ಪೂರ್ತಿ ಉಬ್ಬಿದ ಬಲೂನಿಗೆ ಇನ್ನೂ ಊದಿದ ಹಾಗೆ. "ಸರ್... ಪಂಪು... ಬೀರು..." ಅಂದೆ. ಸರ್ ನೆರಳಲ್ಲಿ ಕೂರಿಸಿ ನೀರು ಕುಡಿಸಿದರು. ಒಳ್ಳೆಯವರೇ ಪಾಪ. ಗುಮಾಸ್ತರು ಬ್ಯಾಂಕಿಗೆ ಹೋಗಿದ್ದರು. ಅವರು ವಾಪಸ್ ಬಂದು ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿದ ಸದ್ದು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ.

ಅವತ್ತು ನನಗೇನೂ ಆಗಲಿಲ್ಲ. ಏನೂ ಆಗಲಿಲ್ಲ ಅನ್ನೋ ಕಾರಣಕ್ಕೇ ಪಂಪು ಮರುದಿನವೂ ಅದೇ ಬೀರುವಿಗೆ ಹೋಯಿತು.

ಕೆನಡಾದ ಒಂಟಾರಿಯೊದಲ್ಲಿ ಪದ್ಧತಿ ಬದಲಾಗೋಕೆ ಒಂದು ಮಗುವಿನ ಜೀವವೇ ಹೋಗಬೇಕಾಯಿತು. 2012ರ ಅಕ್ಟೋಬರ್‌ನಲ್ಲಿ ರಯಾನ್ ಗಿಬನ್ಸ್ ಎಂಬ 12 ವರ್ಷದ ಹುಡುಗ ಶಾಲೆಯಲ್ಲಿ ಉಬ್ಬಸ ಬಂದು ತೀರಿಕೊಂಡ. ಅವನ ಇನ್ಹೇಲರ್ ಆಫೀಸಿನಲ್ಲಿ ಬೀಗದೊಳಗಿತ್ತು. ಅವನ ತಾಯಿ ಬಿಡದೆ ಓಡಾಡಿದರು. 2015ರಲ್ಲಿ ಬಂದ ಕಾನೂನನ್ನು ಅಲ್ಲಿ ರಯಾನ್ ಹೆಸರಿನಿಂದಲೇ ಕರೆಯುತ್ತಾರೆ. ಪೋಷಕರು ಒಪ್ಪಿದರೆ ಮಗು ತನ್ನ ಆಸ್ತಮಾ ಔಷಧಿಯನ್ನು ಜೊತೆಗೇ ಇಟ್ಟುಕೊಳ್ಳಬಹುದು. 16 ತುಂಬಿದ್ದರೆ ಆ ಒಪ್ಪಿಗೆಯೂ ಬೇಡ. ಅಮೆರಿಕದಲ್ಲಿ ಇದಕ್ಕೆ ಒತ್ತು ಕೊಡುವ ಕೇಂದ್ರ ಕಾನೂನು 2004ರಲ್ಲೇ ಬಂತು. ಈಗ ಅಲ್ಲಿನ 50 ರಾಜ್ಯಗಳಲ್ಲೂ ಅವಕಾಶ ಇದೆ. ನ್ಯೂಜೆರ್ಸಿಯಲ್ಲಿ ಓದುವ ನನ್ನ ಅಕ್ಕನ ಮಗ ವರ್ಷಕ್ಕೊಮ್ಮೆ ಡಾಕ್ಟರ ಸಹಿ ಹಾಕಿದ ಒಂದು ಹಾಳೆ ಶಾಲೆಗೆ ಕೊಡುತ್ತಾನೆ, ಅಷ್ಟೇ. ಬೀರುವಿನ ಕತೆ ಹೇಳಿದರೆ ಅವನಿಗೆ ಅರ್ಥವೇ ಆಗಲಿಲ್ಲ. "ಯಾಕೆ, ನೀವೇನು ಕದ್ದಿದ್ರಾ?" ಅಂದ.

ಇದು ಎಲ್ಲೋ ದೂರದ ದೇಶದ ಮಾತು ಅಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳ ಲೆಕ್ಕ ಇಟ್ಟರು. 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1999ಕ್ಕೆ ಶೇ 29.5ಕ್ಕೆ ಏರಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಇಡೀ ಊರಿನದಲ್ಲ. ಆದರೂ 20 ವರ್ಷದಲ್ಲಿ ಮೂರು ಪಟ್ಟು ಅಂದರೆ ಸುಮ್ನೆ ತಳ್ಳಿಹಾಕೋ ಮಾತಲ್ಲ. ಪ್ರತಿ ಕ್ಲಾಸಿನಲ್ಲೂ ಹುಡುಕಿದರೆ ಉಬ್ಬಸದ ಮಕ್ಕಳು ಸಿಗುತ್ತಾರೆ. ಯಾರು ಅಂತ ಮಾತ್ರ ಗೊತ್ತಾಗಲ್ಲ, ಯಾಕಂದರೆ ನಮ್ಮ ಜನ ಬಚ್ಚಿಡುತ್ತಾರೆ. 'ದಮ್ಮು' ಅಂದರೆ ಅಂಟುರೋಗ ಅಂತ ದೂರ ಕೂರುವವರು ಇನ್ನೂ ಇದ್ದಾರೆ. ಹೆಣ್ಣುಮಗುವಾದರೆ ಮುಂದೆ ಮದುವೆಗೆ ತೊಡಕು ಅನ್ನೋ ಚಿಂತೆ ಬೇರೆ. ಅಂಥ ಮಗು ಇಡೀ ಕ್ಲಾಸಿನ ಎದುರು ಎದ್ದು ನಿಂತು, "ಮಿಸ್, ಪಂಪ್ ತಗೊಳ್ಳೋಕೆ ಹೋಗ್ಲಾ?" ಅಂತ ಕೇಳುತ್ತಾ? ಕೇಳಲ್ಲ. ಇನ್ನೊಂದು ಪೀರಿಯಡ್ ತಡೆಯೋಣ ಅನ್ನುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ.

ಇನ್ನು ಪಂಪಿನೊಳಗೆ ಇರೋದಾದರೂ ಏನು? ನೀಲಿ ಪಂಪಿನಲ್ಲಿ ಸಾಲ್ಬುಟಮಾಲ್. ಒಂದು ಪಫ್‌ಗೆ, ಅಂದರೆ ಒಂದು ಸಲ ಒತ್ತಿದರೆ, 100 ಮೈಕ್ರೋಗ್ರಾಂ. ಬಿಗಿದ ಸ್ನಾಯು ಕೆಲವೇ ನಿಮಿಷದಲ್ಲಿ ಸಡಿಲವಾಗುತ್ತದೆ, ನಾಲ್ಕರಿಂದ ಆರು ಗಂಟೆ ಹಾಗೇ ಇರುತ್ತದೆ. ಪಕ್ಕದ ಹುಡುಗ ತಮಾಷೆಗೆ ಒಂದೆರಡು ಸಲ ಎಳೆದರೆ? ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಆದರೆ ಕಾಂಪಾಸ್ ಬಾಕ್ಸಿನಲ್ಲಿರೋ ಕೈವಾರದ ಮೊನೆಗೆ ಇದಕ್ಕಿಂತ ಜಾಸ್ತಿ ಅಪಾಯ ಇದೆ, ಅದನ್ನು ಯಾರೂ ಬೀರುವಿನಲ್ಲಿ ಇಡಲ್ಲ ಅಲ್ವಾ?

ನಿಯಮ ಮಾಡೋದು ನಮಗೆ ಹೊಸದೂ ಅಲ್ಲ. ಟೈಪ್ 1 ಸಕ್ಕರೆ ಕಾಯಿಲೆ ಇರುವ ಮಕ್ಕಳು ಬೋರ್ಡ್ ಪರೀಕ್ಷೆಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ ತರಬಹುದು ಅಂತ ಸಿಬಿಎಸ್‌ಇ 2017ರಲ್ಲೇ ಹೇಳಿತು. ಪರೀಕ್ಷಾ ಕೊಠಡಿಗೇ ಬರಬಹುದಾದರೆ ಕ್ಲಾಸಿಗೆ ಯಾಕೆ ಬೇಡ? ಒಂದನೇ ಕ್ಲಾಸಿನ ಮಗುವಿಗೆ ಕೊಡಿ ಅಂತ ನಾನೂ ಹೇಳಲ್ಲ. ಎಂಟೊಂಬತ್ತು ವರ್ಷ ಆಗಿರಬೇಕು, ಡಾಕ್ಟರ ಎದುರು ಸರಿಯಾಗಿ ಎಳೆದು ತೋರಿಸಿರಬೇಕು. ಅಷ್ಟಾದ ಮೇಲೆ ಅದು ಆ ಮಗುವಿನ ಹತ್ತಿರವೇ ಇರಲಿ.

ಎಂಟನೇ ಕ್ಲಾಸಿಗೆ ನಾನು ಬೇರೆ ಶಾಲೆ ಸೇರಿದೆ. ಯೂನಿಫಾರ್ಮ್ ಹೊಲಿಸುವಾಗ ಅಮ್ಮ ಟೈಲರಿಗೆ ಹೇಳಿ ಪ್ಯಾಂಟಿಗೆ ಒಂದು ಒಳಜೇಬು ಹಾಕಿಸಿದಳು. ಆ ಶಾಲೆಯವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ವಿರೋಧ: ಬೀಗವೂ ಬೇಡ, ಒಳಜೇಬೂ ಬೇಡ

ಒಳಜೇಬಿನ ಮಾತು ಓದಿ ನನಗೆ ಗಾಬರಿಯಾಯಿತು. ಒಂದರಿಂದ ಏಳನೇ ಕ್ಲಾಸಿನ ಮಕ್ಕಳಿಗೆ 26 ವರ್ಷ ಪಾಠ ಮಾಡಿದ್ದೇನೆ. ಬೀಗ ಹಾಕಿದ ಬೀರು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಹುಡುಗ ಹೊಸ ಶಾಲೆಯ ಬಾತ್‌ರೂಮಿನಲ್ಲಿ ಕುಸಿದು ಬಿದ್ದಿದ್ದರೆ? ಅವನ ಪ್ಯಾಂಟಿನೊಳಗೆ ಔಷಧಿ ಇದೆ ಅಂತ ಯಾರಿಗೆ ಗೊತ್ತಿತ್ತು?

ಉಬ್ಬಸ ಜೋರಾದಾಗ ಮಗುವಿಗೆ ತಾನೇ ಪಂಪ್ ಹಿಡಿಯುವ ತ್ರಾಣ ಇರಲ್ಲ. ತುಟಿ ನೀಲಿಯಾಗುತ್ತದೆ, ಮಂಪರು ಬರುತ್ತದೆ. ಎದೆಯ ಸೀಟಿ ಸದ್ದು ನಿಂತರೆ ಕಡಿಮೆಯಾಯಿತು ಅಂದುಕೊಳ್ಳುತ್ತೇವೆ. ಗಾಳಿಯೇ ಆಡುತ್ತಿಲ್ಲ ಅಂತ ಅದರ ಅರ್ಥ ಇರಬಹುದು. ಆ ಹೊತ್ತಿಗೆ ಬೇಕಾಗಿರೋದು ಇನ್ನೊಬ್ಬರ ಕೈ. ಔಷಧಿಯನ್ನು ಮಗುವಿಗೆ ಒಪ್ಪಿಸಿದ ದಿನವೇ ಶಾಲೆ ಮೆಲ್ಲಗೆ ಕೈ ತೊಳೆದುಕೊಳ್ಳುತ್ತದೆ. "ಅವನ ಹತ್ರಾನೇ ಇತ್ತಲ್ಲ" ಅನ್ನೋ ಮಾತು ಆಗಲೇ ತಯಾರಾಗಿರುತ್ತದೆ. ನನಗೆ ಭಯ ಇರೋದು ಈ ಮಾತಿನದು, ಪಕ್ಕದ ಹುಡುಗ ಒಂದು ಪಫ್ ಎಳೆದಾನು ಅನ್ನೋದಲ್ಲ.

ಜೇಬು ಜೇಬು ಅಂತೀರಲ್ಲ, ನಮ್ಮ ಹೆಣ್ಣುಮಕ್ಕಳ ಯೂನಿಫಾರ್ಮಿಗೆ ಜೇಬೆಲ್ಲಿದೆ? ಚೂಡಿದಾರಕ್ಕೆ ಜೇಬು ಹೊಲಿಸುವವರು ಎಷ್ಟು ಜನ? ಕೊನೆಗೆ ಪಂಪು ಹೋಗೋದು ಬ್ಯಾಗಿಗೆ. ಬ್ಯಾಗು ಮೇಲಿನ ಮಹಡಿಯಲ್ಲಿ, ಮಗು ಮೈದಾನದಲ್ಲಿ. ಅದಕ್ಕಿಂತ ನನ್ನ ಮೇಜೇ ಹತ್ತಿರ.

ಐದನೇ ಕ್ಲಾಸಿನ ಒಬ್ಬ ಹುಡುಗ ಪಂಪ್ ಎಳೆಯುವುದನ್ನು ಒಮ್ಮೆ ಪಕ್ಕದಲ್ಲೇ ನಿಂತು ನೋಡಿದೆ. ಅಲುಗಾಡಿಸಲಿಲ್ಲ. ಮೊದಲು ಉಸಿರು ಬಿಡಲಿಲ್ಲ. ಬಾಯಿ ಆ ಅಂತ ತೆರೆದು, ಸೊಳ್ಳೆಗೆ ಹಿಟ್ ಹೊಡೆದ ಹಾಗೆ ಪುಸ್ ಪುಸ್ ಅಂತ ಎರಡು ಸಲ ಒತ್ತಿದ. ಬಿಳೀ ಹೊಗೆ ಬಾಯಿಂದ ವಾಪಸ್ ಬಂತು. ಎದೆಗೆ ಹೋಗಬೇಕಾದದ್ದು ನಾಲಿಗೆ ಮೇಲೆ, ಗಂಟಲಲ್ಲಿ ಉಳಿಯಿತು. "ತಗೊಂಡೆ ಮಿಸ್" ಅಂದ, ಮುಖದಲ್ಲಿ ಸಮಾಧಾನ. ಡಬ್ಬಿ ತಗೊಂಡು ನೋಡಿದರೆ ಎಷ್ಟು ತಿಂಗಳ ಹಳೆಯದೋ ಏನೋ. ಅದರಲ್ಲಿ 200 ಪಫ್ ಇರುತ್ತವೆ. ಮುಗಿದ ಮೇಲೂ ತಳ್ಳುವ ಗಾಳಿ ಒಂದಿಷ್ಟು ಉಳಿದಿರುತ್ತದೆ, ಹಾಗಾಗಿ ಪುಸ್ ಅನ್ನುತ್ತಲೇ ಇರುತ್ತದೆ. ಲೆಕ್ಕ ತೋರಿಸುವ ಅಂಕಿ ಇಲ್ಲದ ಡಬ್ಬಿಯಾದರೆ ಖಾಲಿ ಅಂತ ತಿಳಿಯುವ ದಾರಿಯೇ ಇಲ್ಲ. ಇನ್ನೊಂದು ಮಗುವಿನ ಹತ್ತಿರ ರೋಟಾಕ್ಯಾಪ್ ಇತ್ತು, ಮೆಷಿನ್ನಿಗೆ ಹಾಕಿ ಪುಡಿ ಎಳೆಯುವ ಕ್ಯಾಪ್ಸೂಲು. ಮೆಷಿನ್ ಮನೆಯಲ್ಲಿ ಬಿಟ್ಟು ಬಂದ ದಿನ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿದ್ದಳು. ಮಾತ್ರೆ ತಾನೇ ಅಂತ.

ಸ್ಪೇಸರ್ ಇದ್ದರೆ ಇದರಲ್ಲಿ ಅರ್ಧ ತೊಂದರೆ ತಪ್ಪುತ್ತದೆ. ಪಂಪಿನ ಮುಂದೆ ಸಿಕ್ಕಿಸೋ ಆ ಪ್ಲಾಸ್ಟಿಕ್ ಕೊಳವೆ ಹೊಗೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಗು ನಿಧಾನವಾಗಿ ಉಸಿರಾಡಿದರೆ ಸಾಕು. ಕೊಳ್ಳೋಕಾಗದವರಿಗೆ 500 ಎಂ.ಎಲ್. ನೀರಿನ ಬಾಟಲಿಯ ತಳಕ್ಕೆ ಪಂಪಿನ ಬಾಯಿಯಷ್ಟೇ ತೂತು ಮಾಡಿ, ಸಂದಿ ಮುಚ್ಚಿ ಕೊಟ್ಟರೂ ನಡೆಯುತ್ತದೆ. ದಕ್ಷಿಣ ಆಫ್ರಿಕಾದ ವೈದ್ಯರು 1999ರಲ್ಲೇ ಮಕ್ಕಳ ಮೇಲೆ ಇದನ್ನು ಪರೀಕ್ಷಿಸಿ ಪ್ರಕಟಿಸಿದರು. ಈ ಬಾಟಲಿಯನ್ನು ಯಾವ ಜೇಬಿನಲ್ಲಿ ಇಡ್ತೀರಿ?

ಇನ್ನೊಂದು ಮುಖ್ಯ ಮಾತು. ನೀಲಿ ಪಂಪು ಆ ಕ್ಷಣದ ಬಿಗಿತ ಬಿಡಿಸುತ್ತದೆ, ಒಳಗಿನ ಊತ ಇಳಿಸಲ್ಲ. ಅದಕ್ಕೆ ಬೇರೆ ಔಷಧಿ, ದಿನಾ ತಗೊಳ್ಳಬೇಕಾದದ್ದು. ಬ್ರಿಟನ್‌ನಲ್ಲಿ ಆಸ್ತಮಾದಿಂದ ಸತ್ತ 195 ಜನರ ಕಡತ ತೆಗೆದು ನೋಡಿದ ವರದಿ 2014ರಲ್ಲಿ ಬಂತು. ನೀಲಿ ಪಂಪಿನ ಲೆಕ್ಕ ಸಿಕ್ಕವರಲ್ಲಿ ಶೇ 39 ಜನ ಒಂದೇ ವರ್ಷದಲ್ಲಿ 12ಕ್ಕಿಂತ ಜಾಸ್ತಿ ಪಂಪು ಪಡೆದಿದ್ದರು. ಪಂಪು ಕೈಯಲ್ಲಿರಲಿಲ್ಲ ಅನ್ನೋ ಹಾಗಿಲ್ಲ, ಮನೆ ತುಂಬ ಇತ್ತು. ಎಷ್ಟು ಬಳಸುತ್ತಿದ್ದಾರೆ ಅಂತ ಗಮನಿಸುವವರು ಬೇಕಿತ್ತು. ನಾನು ಒಂದು 100 ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಮಗು, ಯಾವ ಹೊತ್ತು, ಎಷ್ಟು ಪಫ್. ಒಂದೇ ವಾರದಲ್ಲಿ ಮೂರು ಸಲ ಒಂದೇ ಹೆಸರು ಬಂದರೆ ಮನೆಗೆ ಫೋನ್ ಮಾಡುತ್ತೇನೆ. ಕಳೆದ ವರ್ಷ ಹಾಗೆ ಫೋನ್ ಮಾಡಿದಾಗ ಗೊತ್ತಾಯಿತು, ಹುಡುಗಿಯ ಅಜ್ಜಿ "ಪಂಪಿಗೆ ಒಗ್ಗಿಬಿಟ್ಟರೆ ಕಷ್ಟ" ಅಂತ ದಿನದ ಔಷಧಿಯನ್ನೇ ನಿಲ್ಲಿಸಿದ್ದರು. ನೀಲಿ ಪಂಪು ಅವಳ ಬ್ಯಾಗಿನಲ್ಲೇ ಇದ್ದಿದ್ದರೆ ಎಷ್ಟು ಸಲ ಎಳೆದಳು ಅಂತ ನನಗೆ ತಿಳೀತಿತ್ತಾ?

ಅಲರ್ಜಿಯ ವಿಷಯವನ್ನು ಮೊದಲಿನ ಲೇಖಕರು ಮುಟ್ಟಲೇ ಇಲ್ಲ. ಜೇಬಿನ ವಾದ ಪೂರ್ತಿ ಕೈಕೊಡೋದು ಅಲ್ಲೇ. ವಿದೇಶದಲ್ಲಿ ಮಗು ಅಲರ್ಜಿ ಜೋರಾದಾಗ ಚುಚ್ಚಿಕೊಳ್ಳೋಕೆ ಪೆನ್ನಿನಂಥ ಅಡ್ರಿನಲಿನ್ ಇಂಜೆಕ್ಷನ್ ಇಟ್ಟುಕೊಳ್ಳುತ್ತದೆ. 0.15 ಅಥವಾ 0.3 ಮಿಲಿಗ್ರಾಂ, ಅಳತೆ ಮೊದಲೇ ತುಂಬಿರುತ್ತದೆ, ತೊಡೆಗೆ ಒತ್ತಿದರೆ ಆಯಿತು. ನಮ್ಮೂರಿನ ಮೆಡಿಕಲ್ ಶಾಪಿನಲ್ಲಿ ಅದನ್ನು ಕೇಳಿ ನೋಡಿ. ಇಲ್ಲಿ ಕಾಣುವುದು ಗಾಜಿನ ಆಂಪ್ಯೂಲು. ಅದನ್ನು ಮುರಿದು, ಕೆ.ಜಿ.ಗೆ 0.01 ಮಿಲಿಗ್ರಾಂ ಲೆಕ್ಕ ಹಾಕಿ, 20 ಕೆ.ಜಿ. ಮಗುವಿಗೆ 0.2 ಮಿಲಿಗ್ರಾಂ, ಅಂದರೆ 0.2 ಎಂ.ಎಲ್. ಸಿರಿಂಜಿಗೆ ಎಳೆಯಬೇಕು. ಕಡಜ ಕಚ್ಚಿ ಮುಖ ಊದಿಕೊಂಡ ಮೂರನೇ ಕ್ಲಾಸಿನ ಮಗು ಇದನ್ನು ಮಾಡುತ್ತಾ? ಹಾಗಾಗಿ ಮನೆಯವರು ಬ್ಯಾಗಿಗೆ ಹಾಕಿ ಕಳಿಸೋದು ಸೆಟ್ರಿಜಿನ್ ಅನ್ನೋ ಅಲರ್ಜಿ ಮಾತ್ರೆ. ತುರಿಕೆ, ದದ್ದು ಅದಕ್ಕೆ ಇಳಿಯುತ್ತವೆ. ಗಂಟಲು ಕಟ್ಟಿ ಬಿ.ಪಿ. ಕುಸಿದಾಗ ಅದು ಉಪಯೋಗಕ್ಕೆ ಬರಲ್ಲ. ಮಾತ್ರೆ ತಗೊಂಡಿದ್ದಾಳಲ್ಲ ಅಂತ ಎಲ್ಲರೂ ಸುಮ್ಮನಿದ್ದುಬಿಡುತ್ತಾರೆ, 108ಕ್ಕೆ ಫೋನ್ ಮಾಡೋದು ತಡವಾಗುತ್ತದೆ.

ಶಾಲೆಗೆ ಇದೆಲ್ಲ ಆಗದ ಕೆಲಸ ಅನ್ನಬೇಡಿ. ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಎದುರಿಗೇ ನುಂಗಿಸುತ್ತೇವೆ, ಜಂತುಹುಳದ ಮಾತ್ರೆಯನ್ನೂ ಕೊಡುತ್ತೇವೆ. ಬ್ರಿಟನ್‌ನಲ್ಲಿ 2014ರ ಅಕ್ಟೋಬರ್‌ನಿಂದ ಶಾಲೆಯೇ ಡಾಕ್ಟರ ಚೀಟಿ ಇಲ್ಲದೆ ತುರ್ತಿಗೆ ನೀಲಿ ಪಂಪು ಕೊಂಡು ಇಟ್ಟುಕೊಳ್ಳಬಹುದು. 2017ರಿಂದ ಅಡ್ರಿನಲಿನ್ ಪೆನ್ನು ಕೂಡ. ನಾವು ಕೇಳಬೇಕಾದದ್ದು ಅದನ್ನು. ಒಂದು ಪಂಪು, ಒಂದು ಸ್ಪೇಸರ್, ಎಲ್ಲ ಮೇಷ್ಟ್ರಿಗೂ ಅರ್ಧ ದಿನದ ತರಬೇತಿ.

ನನ್ನ ಮೇಜಿನ ಎಡಗಡೆ ಡ್ರಾಯರಿಗೆ ಬೀಗ ಇಲ್ಲ. ಈಗ ಅದರಲ್ಲಿ ನಾಲ್ಕು ಪಂಪಿವೆ, ಪ್ರತಿಯೊಂದಕ್ಕೂ ಬಿಳೀ ಟೇಪ್ ಸುತ್ತಿ ಹೆಸರು ಬರೆದಿದ್ದೇನೆ. ಪಕ್ಕದಲ್ಲಿ ತೂತು ಮಾಡಿದ ಎರಡು ಬಾಟಲಿ. ಪಿ.ಟಿ. ಪೀರಿಯಡ್ಡಿಗೆ ಇವೆಲ್ಲ ಒಂದು ಬಟ್ಟೆ ಚೀಲದಲ್ಲಿ ಮೈದಾನಕ್ಕೆ ಹೋಗುತ್ತವೆ. ಏಳನೇ ಕ್ಲಾಸು ಮುಗಿಸಿದವರು ಟಿ.ಸಿ. ತಗೊಳ್ಳೋಕೆ ಬಂದಾಗ ಎಳೆದು ತೋರಿಸು ಅನ್ನುತ್ತೇನೆ. ಸರಿಯಾಗಿ ಎಳೆದರೆ ಟೇಪ್ ಕಿತ್ತು ಪಂಪನ್ನು ಅವರ ಕೈಗೇ ಕೊಟ್ಟು ಕಳಿಸುತ್ತೇನೆ. ಈ ಸಲ ಇಬ್ಬರಿದ್ದರು. ಒಬ್ಬಳು ಸರಿಯಾಗಿ ಎಳೆದಳು. ಇನ್ನೊಬ್ಬನನ್ನು ಮರುದಿನ ಬಾ ಅಂದೆ.