ಕೂದಲಿಗೆ ಸಿಕ್ಕಿಸಿಕೊಂಡ ಹರಕೆ

ಜಪಾನಿನ ಒಸಾಕಾದಲ್ಲಿರುವ ಶಿತೆನ್ನೋಜಿ ಎಂಬ ಬೌದ್ಧ ದೇಗುಲವನ್ನು ಶೋತೊಕು ರಾಜಕುಮಾರ 593ರಲ್ಲಿ ಕಟ್ಟಿಸಲು ಶುರು ಮಾಡಿದ. ಅದರ ಹಿಂದೆ ಒಂದು ಕತೆಯಿದೆ.

587ರಲ್ಲಿ, ಬೌದ್ಧ ಧರ್ಮ ಬೇಡವೆನ್ನುತ್ತಿದ್ದ ಮೊನೊನೊಬೆ ಮನೆತನಕ್ಕೂ ಅದು ಬೇಕೆನ್ನುತ್ತಿದ್ದ ಸೋಗಾ ಮನೆತನಕ್ಕೂ ಯುದ್ಧವಾಯಿತು. ಸೋಗಾ ಕಡೆಗಿದ್ದ ರಾಜಕುಮಾರ ಇನ್ನೂ ಹದಿಹರೆಯದ ಹುಡುಗ. ಸೋಲುವ ಹಾಗಾದಾಗ ಅವನು ಮರದಲ್ಲಿ ನಾಲ್ವರು ದಿಕ್ಪಾಲಕರ ಪುಟ್ಟ ಮೂರ್ತಿ ಕೆತ್ತಿ, ಕೂದಲಿಗೆ ಸಿಕ್ಕಿಸಿಕೊಂಡು, ಗೆದ್ದರೆ ನಿಮಗೆ ಗುಡಿ ಕಟ್ಟಿಸ್ತೀನಿ ಅಂತ ಹರಕೆ ಹೊತ್ತನಂತೆ. 720ರ ‘ನಿಹೊನ್ ಶೋಕಿ’ ಎಂಬ ಜಪಾನಿನ ಹಳೆಯ ಇತಿಹಾಸ ಗ್ರಂಥದಲ್ಲಿ ಈ ಕತೆ ಇದೆ. ಶಿತೆನ್ನೋ ಅಂದ್ರೆ ಆ ನಾಲ್ವರೇ. ಅವರಲ್ಲೊಬ್ಬ ವೈಶ್ರವಣ, ನಮ್ಮ ಕುಬೇರ! ಅಷ್ಟು ದೂರ ಹೋಗಿದ್ದಾನೆ ನೋಡಿ.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ವಿಷಯ. ದೇಗುಲದಲ್ಲಿ ರೋಗಿಗಳಿಗೆ ಆಸ್ಪತ್ರೆ, ಔಷಧಿ ಕೊಡುವ ಜಾಗ, ದಿಕ್ಕಿಲ್ಲದವರಿಗೆ ಆಸರೆ ಎಲ್ಲವನ್ನೂ ರಾಜಕುಮಾರನೇ ಮಾಡಿಸಿದ ಅಂತ ದೇಗುಲದ ಪರಂಪರೆ ಹೇಳುತ್ತದೆ. ಸುಮ್ನೆ ಹರಕೆ ತೀರಿಸಿ ಕೈ ತೊಳೆದುಕೊಳ್ಳಲಿಲ್ಲ ಅಲ್ವಾ?

ಕಟ್ಟಡ ಎಷ್ಟೋ ಸಲ ಹಾಳಾಗಿದೆ. ಗೋಪುರ 1934ರ ಚಂಡಮಾರುತಕ್ಕೆ ಬಿತ್ತು, ಮತ್ತೆ ಕಟ್ಟಿದ್ದು 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಈಗಿನದು ಕಾಂಕ್ರೀಟಿನದು. ಆದರೂ ಬಾಗಿಲು, ಗೋಪುರ, ಬುದ್ಧನ ಮಂದಿರ, ಪ್ರವಚನ ಮಂಟಪ ಹಳೆಯ ಕ್ರಮದಂತೆ ಒಂದೇ ನೇರ ಸಾಲಿನಲ್ಲಿವೆ.