ಅರ್ಧ ಗಾಜು

ಬೆಟ್ಟ ಕಣಿವೆ ನೋಡಿದರೆ ಮನಸ್ಸು ದೊಡ್ಡದಾಗುತ್ತದೆ ಅನ್ನುತ್ತಾರೆ. ಅದನ್ನೇ ಬರೆಯೋಣ ಅಂತ ಕೂತೆ. ಆದರೆ ರಜೆಯ ಆ ಬಸ್ ಪ್ರವಾಸ ನೆನೆದರೆ ಕಣ್ಣ ಮುಂದೆ ಬರುವುದು ಬೆಟ್ಟವಲ್ಲ, ಮುಂದಿನ ಸೀಟಿನವರ ಮೊಣಕೈ.

ಕಿಟಕಿ ಸೀಟೇ ಬೇಕು ಅಂತ ಹಟ ಹಿಡಿದು ಪಡೆದಿದ್ದೆ. ಸಿಕ್ಕಿದ್ದು ಕಿಟಕಿಯಲ್ಲಿ ಒಂದು ಪಾಲು. ತಳ್ಳುವ ಗಾಜು ನಮ್ಮಿಬ್ಬರಿಗೂ ಸೇರಿದ್ದು. ನಾನು ಮುಂದಕ್ಕೆ ತಳ್ಳಿದರೆ ನನಗೆ ಗಾಳಿ, ಅವರಿಗೆ ಗಾಜು. ಅವರು ಹಿಂದಕ್ಕೆ ತಳ್ಳಿದರೆ ಅವರಿಗೆ ಗಾಳಿ, ನನಗೆ ಗಾಜು. ಅದೂ ಯಾರೋ ಎಣ್ಣೆ ತಲೆ ಒರಗಿಸಿ ನಿದ್ದೆ ಮಾಡಿದ ಗಾಜು. ದೂರದ ಬೆಟ್ಟ ನುಣ್ಣಗೆ, ಸರಿ. ಆ ಗಾಜಿನಲ್ಲಿ ಹತ್ತಿರದ ಬೆಟ್ಟವೂ ನುಣ್ಣಗೇ ಇತ್ತು.

ನಾನು ಗಾಳಿ ಕೇಳಿದ್ದು ಶೋಕಿಗಲ್ಲ. ತಿರುವು ಬಂದಾಗ ಒಳಕಿವಿ 'ತಿರುಗ್ತಾ ಇದ್ದೀವಿ' ಅನ್ನುತ್ತದೆ. ಎದುರಿನ ಸೀಟಿನ ಬೆನ್ನು ನೋಡುತ್ತಿರುವ ಕಣ್ಣು 'ಎಲ್ಲಿ, ಕೂತೇ ಇದ್ದೀವಲ್ಲ' ಅನ್ನುತ್ತದೆ. ಇವರಿಬ್ಬರ ಜಗಳದಲ್ಲಿ ಹೊಟ್ಟೆ ಬಡವಾಗುತ್ತದೆ. ಇದನ್ನು ಮುಂದಿನವರಿಗೆ ಬಾಯಿಬಿಟ್ಟು ಹೇಳಬಹುದಿತ್ತು. ಹೇಳಲಿಲ್ಲ. ಅವರು ಆಕಳಿಸುವ ಹೊತ್ತು ನೋಡಿ ಗಾಜನ್ನು ಎರಡು ಬೆರಳಷ್ಟು ಮುಂದಕ್ಕೆ ತಳ್ಳುತ್ತಿದ್ದೆ. ಮುಂದಿನ ತಿರುವಿನಲ್ಲಿ ಅದು ಮೂರು ಬೆರಳು ಹಿಂದಕ್ಕೆ ಬಂದಿರುತ್ತಿತ್ತು. ಮುಖ ನೋಡುವ ಮಾತಿಲ್ಲ. ಊಟಕ್ಕೆ ಒಂದೇ ಮೇಜು ಸಿಕ್ಕಿತು. "ಸಾರ್, ಉಪ್ಪು," ಅಂದರು. ಕೊಟ್ಟೆ. ಗಾಜಿನ ವಿಷಯ ಇಬ್ಬರೂ ಎತ್ತಲಿಲ್ಲ.

ಗೈಡ್ ಬೇರೆ, ಬಿಡದೆ 'ಎಡಕ್ಕೆ ನೋಡಿ' ಅನ್ನುತ್ತಿದ್ದ. ನಾನು ಕೂತಿದ್ದು ಬಲಕ್ಕೆ. ಹೇರ್‌ಪಿನ್ ತಿರುವು ದಾಟಿದರೆ ಕಣಿವೆ ನಮ್ಮ ಕಡೆಗೇ ಬರುತ್ತಿತ್ತು, ನಿಜ. ಅಷ್ಟರಲ್ಲಿ ಅವನ ಮಾತು ಮುಗಿದಿರುತ್ತಿತ್ತು. ವ್ಯೂ ಪಾಯಿಂಟ್‌ನಲ್ಲಿ 'ಹತ್ತೇ ನಿಮಿಷ'. ಎಂಟು ನಿಮಿಷ ಶೌಚಾಲಯದ ಸಾಲು, ಎರಡು ನಿಮಿಷ ಮಂಜು.

ಸಾವಿರ ಮೀಟರ್ ಮೇಲೇರಿದರೆ ಸುಮಾರು 6.5 ಡಿಗ್ರಿ ತಂಪಾಗುತ್ತದಂತೆ. ಸಂಜೆ ತುದಿ ಮುಟ್ಟಿದಾಗ ಆ ಲೆಕ್ಕ ಅವರ ಕಿವಿಗೂ ತಟ್ಟಿತು. ಮಫ್ಲರ್ ಸುತ್ತಿಕೊಂಡರು. ಗಾಜನ್ನು ತಾವಾಗಿಯೇ ಪೂರ್ತಿ ಮುಂದಕ್ಕೆ ಎಳೆದುಕೊಂಡರು. ಮೊದಲ ಸಲ ತಿರುಗಿ ನೋಡಿ, "ತಗೊಳ್ಳಿ ಸಾರ್, ಪೂರ್ತಿ ನಿಮಗೇ," ಅಂದರು.

ನನ್ನ ಹಲ್ಲು ಕಟಕಟ ಅನ್ನುತ್ತಿತ್ತು. ಮುಚ್ಚೋಣ ಅಂದರೆ ಬೆಳಿಗ್ಗೆಯಿಂದ ಪಟ್ಟ ಪಾಡು ಏನಾಗಬೇಕು, ಅಲ್ವಾ? ಬ್ರೇಕ್ ಕಾದೀತು ಅಂತ ಡ್ರೈವರ್ ಸೆಕೆಂಡ್ ಗೇರ್‌ನಲ್ಲೇ, ಆಮೆ ಹಾಗೆ, ಬಸ್ ಇಳಿಸುತ್ತಿದ್ದ. ಕೊನೆಯ ತಿರುವಿನವರೆಗೂ ಗಾಜು ತೆಗೆದೇ ಕೂತಿದ್ದೆ.