ತಂಪಿನ ಲೆಕ್ಕ

ಬ್ಯಾಂಕಾಕ್ ಅಗ್ಗದ ಊರು ಎನ್ನುವವರದೂ ಸುಳ್ಳಲ್ಲ, ದುಬಾರಿ ಊರು ಎನ್ನುವವರದೂ ಸುಳ್ಳಲ್ಲ. ಮೊದಲನೆಯವರು ಫ್ಯಾನಿನ ಕೆಳಗೆ ಕೂತು ಉಂಡವರು, ಎರಡನೆಯವರು ಏಸಿಯ ಕೆಳಗೆ ಕೂತವರು. ರಸ್ತೆ ಬದಿಯ ತಳ್ಳುಗಾಡಿಯಲ್ಲಿ ಒಂದು ಬಟ್ಟಲು ನೂಡಲ್ಸ್ 50ರಿಂದ 60 ಬಾತ್ (ಬಾತ್ ಎಂದರೆ ಅಲ್ಲಿನ ನಾಣ್ಯ). ಅದನ್ನೇ ಗಾಜಿನ ಬಾಗಿಲಿರುವ ಅಂಗಡಿಯಲ್ಲಿ ತಿಂದರೆ ನೂರು ದಾಟುತ್ತದೆ, ದೊಡ್ಡ ಮಾಲಿನ ರೆಸ್ಟೊರೆಂಟಿನಲ್ಲಿ ಇನ್ನೂರರ ಹತ್ತಿರಕ್ಕೆ ಬರುತ್ತದೆ. ನೂಡಲ್ಸ್ ಅದೇ, ಸಾರೂ ಅದೇ. ಗಾಡಿಯದ್ದೇ ಹೆಚ್ಚು ರುಚಿ ಎಂದು ವಾದಿಸುವವರಂತೂ ಬೇಕಾದಷ್ಟಿದ್ದಾರೆ. ಹೆಚ್ಚಿಗೆ ಕೊಟ್ಟ ದುಡ್ಡೆಲ್ಲ ತಂಪಿಗೆ. ಏಪ್ರಿಲ್ ತಿಂಗಳ ಮಧ್ಯರಾತ್ರಿಯಲ್ಲೂ 28 ಡಿಗ್ರಿ ಆಸುಪಾಸು ಕುದಿಯುವ ಊರಿನಲ್ಲಿ ಅದೇನೂ ಅನ್ಯಾಯದ ವ್ಯಾಪಾರವಲ್ಲ, ಬಿಡಿ.

ಅಗ್ಗ ಅನ್ನುವುದಕ್ಕೂ ಒಂದು ಅಳತೆ ಬೇಕಲ್ಲ. ಒಂದು ಬಾತ್‌ಗೆ ಸುಮಾರು ಮೂರು ರೂಪಾಯಿ ಎಂದು ಗುಣಿಸಿಕೊಂಡು ‘ಪರವಾಗಿಲ್ಲ, ನಮ್ಮ ಬೆಂಗಳೂರಿನ ದರವೇ’ ಅಂದುಕೊಳ್ಳುವುದು ನಮ್ಮ ಲೆಕ್ಕ. ಅಲ್ಲಿಯವರ ಲೆಕ್ಕ ಬೇರೆ. 2025ರ ಜುಲೈ 1ರಿಂದ ಬ್ಯಾಂಕಾಕಿನಲ್ಲಿ ಕನಿಷ್ಠ ದಿನಗೂಲಿ 400 ಬಾತ್. ಎಂಟು ಗಂಟೆಗೆ ಹಂಚಿದರೆ ಗಂಟೆಗೆ ಐವತ್ತು. ಒಂದು ಬಟ್ಟಲು ನೂಡಲ್ಸಿಗೆ ಒಂದು ಗಂಟೆಯ ದುಡಿಮೆ ಹೋಯಿತು. ಹಾಗಿದ್ದೂ ಜನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾಕೆಂದರೆ ಅಗ್ಗದ ಬಾಡಿಗೆ ಕೋಣೆಗಳಲ್ಲಿ ಬಹಳಷ್ಟಕ್ಕೆ ಅಡುಗೆಮನೆಯೇ ಇರುವುದಿಲ್ಲ. ಬಾಲ್ಕನಿಯಲ್ಲಿ ಒಂದು ಕೆಟಲ್, ಒಂದು ರೈಸ್ ಕುಕ್ಕರ್, ಅಷ್ಟೇ ಸಂಸಾರ. ಸಂಜೆ ಆರರ ಮೇಲೆ ಅಡುಗೆಮನೆ ಬೀದಿಗೆ ಇಳಿಯುತ್ತದೆ. ಬಿಸಿಲು ಇಳಿದು ಕಾಲುದಾರಿಯ ಕಾಂಕ್ರೀಟು ಸ್ವಲ್ಪ ಆರಿದ ಮೇಲೆಯೇ ಒಲೆಯ ಮುಂದೆ ನಿಲ್ಲಲು ಸಾಧ್ಯ. ಆ ಊರಿನ ರಾತ್ರಿ ಜೀವನದ ಮೂಲ ಇಷ್ಟೇ, ಬಣ್ಣದ ದೀಪ ಆಮೇಲಿನದು.

ಯಾವೊರಾತ್, ಅಂದರೆ ಅಲ್ಲಿನ ಚೈನಾಟೌನ್, ಇದಕ್ಕೆ ಒಳ್ಳೆಯ ಉದಾಹರಣೆ. ಹಗಲೆಲ್ಲ ಅದು ಚಿನ್ನದ ಅಂಗಡಿಗಳ ಬೀದಿ. ಸಂಜೆ ಅಂಗಡಿಗಳ ಷಟರ್ ಕೆಳಗೆ ಬಂದದ್ದೇ ತಡ, ಅದೇ ಷಟರಿನ ಮುಂದೆ ಗಾಡಿ, ಗ್ಯಾಸ್ ಸಿಲಿಂಡರು, ಮಡಚುವ ಮೇಜು, ಪ್ಲಾಸ್ಟಿಕ್ ಸ್ಟೂಲು ಸಾಲುಗಟ್ಟುತ್ತವೆ. ಸೋಮವಾರ ಹೋದರೆ ಹೆಚ್ಚಿನ ಗಾಡಿಗಳು ಇರುವುದಿಲ್ಲ, ರಜೆ. ಇದು ಗೊತ್ತಿಲ್ಲದೆ ಭಾನುವಾರ ರಾತ್ರಿ ಇಳಿದು ಸೋಮವಾರದ ಊಟಕ್ಕೆ ಯಾವೊರಾತ್ ಎಂದು ಬರೆದುಕೊಂಡವರಿಗೆ ಬೀದಿಯ ಅಂದ ನೋಡುವ ಭಾಗ್ಯ ಮಾತ್ರ.

ನೂಡಲ್ಸ್ ಗಾಡಿಯ ಹತ್ತಿರ ನಿಂತು ಒಂದು ಸಲ ನೋಡಬೇಕು. ಮಧ್ಯೆ ದೊಡ್ಡ ಸ್ಟೀಲ್ ಹಂಡೆ, ಒಳಗೆ ತಗಡಿನ ಅಡ್ಡಗೋಡೆ. ಒಂದು ಕಡೆ ಬರೀ ನೀರು ಕುದಿಯುತ್ತಿದ್ದರೆ ಇನ್ನೊಂದು ಕಡೆ ಹಂದಿ ಮೂಳೆಯದೋ ಕೋಳಿ ಮೂಳೆಯದೋ ಸಾರು. ಹೇಳಬೇಕಾದ್ದು ಮೂರು ಮಾತು: ಯಾವ ಎಳೆ, ಯಾವ ಮಾಂಸ, ಸಾರಿನದೋ ಒಣದೋ. ಎಳೆಯಲ್ಲಿ ಸೆನ್ ಲೆಕ್ ಎಂದರೆ ಸಣ್ಣ ಪಟ್ಟಿ, ಸೆನ್ ಯಾಯ್ ಅಗಲದ್ದು, ಸೆನ್ ಮೀ ತೀರಾ ತೆಳು, ಬಾ ಮೀ ಮೊಟ್ಟೆ ಹಾಕಿದ ಹಳದಿ ಗೋಧಿ ನೂಡಲ್ಸ್. ಅಕ್ಕಿಯ ಎಳೆ ಮೊದಲೇ ನೆನೆದಿರುತ್ತದೆ. ತಂತಿ ಜಾಲರಿಯಲ್ಲಿ ಹಾಕಿ ಹತ್ತು ಹದಿನೈದು ಸೆಕೆಂಡು ಮುಳುಗಿಸಿ ಎತ್ತಿದರೆ ಮುಗಿಯಿತು. ಬಾ ಮೀಗೆ ಒಂದು ನಿಮಿಷದಷ್ಟು ಬೇಕು. ಹಿಂದೆ ಹತ್ತು ಜನ ಕಾಯುತ್ತಿದ್ದರೂ ಮಾರುವಾಕೆ ಒಂದು ಜಾಲರಿಗೆ ಒಂದೇ ಬಟ್ಟಲಿನಷ್ಟು ಹಾಕುತ್ತಾಳೆ. ಎರಡು ಬಟ್ಟಲಿನದನ್ನು ಒಟ್ಟಿಗೆ ತುಂಬಿದರೆ ನಡುವಿನದು ಬೇಯದೆ ಮುದ್ದೆ ಕಟ್ಟುತ್ತದೆ. ಎತ್ತಿದ ಮೇಲೆ ನೀರು ಒದರುವ ಆ ಎರಡು ಝಾಡಿಕೆಯೂ ಶೋಕಿಗಲ್ಲ. ಒಂದು ಚಮಚ ಹೆಚ್ಚು ನೀರು ಉಳಿದರೂ ಸಾರು ಸಪ್ಪೆಯಾಗುತ್ತದೆ. ಬಟ್ಟಲಿನ ತಳದಲ್ಲಿ ಹುರಿದ ಬೆಳ್ಳುಳ್ಳಿಯ ಎಣ್ಣೆ ಬಿದ್ದಿರುತ್ತದೆ, ಎಳೆ ಒಂದಕ್ಕೊಂದು ಅಂಟದ ಹಾಗೆ.

ಇನ್ನು ಮೇಜಿನ ಮೇಲಿನ ನಾಲ್ಕು ಡಬ್ಬಿಗಳು: ಸಕ್ಕರೆ, ಒಣಮೆಣಸಿನಕಾಯಿ ತರಿ, ಮೆಣಸಿನಕಾಯಿ ಹಾಕಿದ ವಿನೆಗರ್, ಮೀನಿನ ಸಾಸ್. ಬಟ್ಟಲು ಬಂದಾಗ ಅರ್ಧ ಅಡುಗೆಯಷ್ಟೇ ಆಗಿರುತ್ತದೆ, ಉಳಿದರ್ಧ ಉಣ್ಣುವವರ ಕೆಲಸ. ಮೊದಲು ಸಾರನ್ನು ಹಾಗೇ ಒಂದು ಗುಟುಕು ನೋಡಿ, ಆಮೇಲೆ ಅರ್ಧ ಚಮಚ ವಿನೆಗರ್, ಕಾಲು ಚಮಚ ಸಕ್ಕರೆ, ಚಿಟಿಕೆ ಖಾರ. ಮೀನಿನ ಸಾಸಿನ ಸರದಿ ಕೊನೆಯದು, ಬೇಕಾದರೆ ಮಾತ್ರ. ಹೊಸಬರು ಅದನ್ನು ಸೋಯಾ ಸಾಸ್ ಎಂದುಕೊಂಡು ಮೊದಲೇ ಸುರಿಯುತ್ತಾರೆ. ಸಾರಿಗೆ ಆಗಲೇ ಉಪ್ಪು ಬಿದ್ದಿರುತ್ತದೆ, ಬಟ್ಟಲು ಕೆಡುತ್ತದೆ. ನೂಡಲ್ಸಿಗೆ ಸಕ್ಕರೆಯೇ ಎಂದು ಯುರೋಪಿನವರು ಹುಬ್ಬೇರಿಸುತ್ತಾರೆ. ಸಾರಿಗೆ ಬೆಲ್ಲದ ಚೂರು ಹಾಕಿ ಬೆಳೆದ ನಮ್ಮವರಿಗೆ ಅದರ ಮರ್ಮ ತಾನಾಗಿ ತಿಳಿಯುತ್ತದೆ.

ಸಸ್ಯಾಹಾರಿಗಳ ಪಾಡು ಸ್ವಲ್ಪ ಬೇರೆ. ‘ಮಾಯ್ ಸಾಯ್ ನಾಮ್ ಪ್ಲಾ’, ಮೀನಿನ ಸಾಸ್ ಹಾಕಬೇಡಿ, ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಾರೆ. ಗಾಡಿಯವರೂ ಪ್ರಾಮಾಣಿಕವಾಗಿ ಹಾಕುವುದಿಲ್ಲ. ಆದರೆ ಸಾರು ಮೂಳೆಯದ್ದು, ಹುರಿದ ಸೊಪ್ಪಿಗೆ ಬಿದ್ದದ್ದು ಸಿಂಪಿಯ ಸಾಸ್, ಸೋಮ್ ತಾಮ್ ಎಂಬ ಪರಂಗಿಕಾಯಿ ಕೋಸಂಬರಿಯಲ್ಲಿ ಒಣ ಸೀಗಡಿ. ಸೋಮ್ ತಾಮ್ ಕುಟ್ಟುವುದು ಮಣ್ಣಿನ ಆಳದ ಒರಳಿನಲ್ಲಿ, ಮರದ ಕುಟ್ಟಾಣಿಯಿಂದ. ಕಲ್ಲಿನದಾದರೆ ಪರಂಗಿಯ ಎಳೆ ನಜ್ಜುಗುಜ್ಜಾಗಿ ನೀರು ಬಿಡುತ್ತದೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ತಾಳೆಬೆಲ್ಲ ಮೊದಲು. ಅಲಸಂದೆಕಾಯಿ, ಟೊಮೆಟೊ ಆಮೇಲೆ. ಪರಂಗಿ ತುರಿ ಕೊನೆಗೆ. ಬಲಗೈ ಕುಟ್ಟುತ್ತಿದ್ದರೆ ಎಡಗೈಯ ಚಮಚ ತಳದ್ದನ್ನು ಮೇಲಕ್ಕೆ ತಿರುವುತ್ತಿರುತ್ತದೆ. ಸೀಗಡಿ ಬೇಡ, ಮೀನಿನ ಸಾಸ್ ಬೇಡ ಎಂದು ಹೇಳಿ ಗೆದ್ದೆವು ಎಂದುಕೊಂಡರೂ, ಹಿಂದಿನ ಗಿರಾಕಿಗೆ ಅದೇ ಒರಳಿನಲ್ಲಿ ಪ್ಲಾ ರಾ, ಅಂದರೆ ಹುದುಗಿಸಿದ ಮೀನು, ಕುಟ್ಟಿದ್ದರೆ ಅದರ ಘಮ ಹೋಗುವುದೆಲ್ಲಿಗೆ? ಮಡಿಯವರು ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದಿರುವ ಗಾಡಿ ಹುಡುಕುವುದೇ ಸರಿ. ಅಲ್ಲಿ ಮಾಂಸ, ಮೊಟ್ಟೆ, ಮೀನಿನ ಸಾಸ್ ಇರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಾಲೂ ಇಲ್ಲ, ಆದ್ದರಿಂದ ಕಾಫಿಯ ಆಸೆ ಇಟ್ಟುಕೊಳ್ಳಬಾರದು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಒಂಬತ್ತು ದಿನ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಈ ಬಾವುಟಗಳು ಬೀದಿಗೆ ಬೀದಿಯನ್ನೇ ತುಂಬಿಕೊಳ್ಳುತ್ತವೆ.

ಈಗ ತಂಪಿನ ವಿಷಯಕ್ಕೆ. ಗಾಡಿಯ ಪಕ್ಕದಲ್ಲಿ ಕೂತವರಿಗೆ ತಂಪು ಸಿಗುವುದು ಐಸಿನ ರೂಪದಲ್ಲಿ. ಫ್ಯಾಕ್ಟರಿಯಿಂದ ಮೂಟೆಗಳಲ್ಲಿ ಬರುವ, ನಡುವೆ ತೂತಿರುವ ಕೊಳವೆಯಾಕಾರದ ಐಸು. ಒಂದು ಲೋಟ ಐಸಿಗೆ ಎರಡು ಮೂರು ಬಾತ್. ಬಿಯರಿಗೂ ಅದನ್ನೇ ಹಾಕಿಕೊಳ್ಳುತ್ತಾರೆ. ಪರದೇಶಿಗಳು ಇದನ್ನು ನೋಡಿ ನಗುವುದುಂಟು. ನಾಲ್ಕು ಜನ ಹಂಚಿಕೊಳ್ಳುವ 620 ಮಿ.ಲೀ. ಬಾಟಲಿ ಆ ಸೆಕೆಯಲ್ಲಿ ಕಾಲು ಗಂಟೆಗೆ ಬೆಚ್ಚಗಾಗಿ ಬಿಡುತ್ತದೆ, ಕೊನೆಯ ಲೋಟ ಕಷಾಯವೇ. ಐಸು ಹಾಕಿದವರು ಬುದ್ಧಿವಂತರು. ಅಂಗಡಿಗಳಲ್ಲಿ ಮದ್ಯದ ಮಾರಾಟ ರಾತ್ರಿ 12ಕ್ಕೆ ನಿಲ್ಲುತ್ತದೆ. ಸೆವೆನ್ ಇಲೆವೆನ್ ಅಂಗಡಿಗಳು ಇಡೀ ರಾತ್ರಿ ತೆರೆದಿದ್ದರೂ 12 ದಾಟಿದ ಮೇಲೆ ಕೌಂಟರಿನಲ್ಲಿ ತಲೆ ಅಲ್ಲಾಡಿಸುತ್ತಾರೆ.

ಸಂಗೀತದ ಪಬ್ಬುಗಳಲ್ಲಿ ಇದೇ ಐಸು ಮೇಲಕ್ಕೇರುತ್ತದೆ. ಅಲ್ಲಿ ವಿಸ್ಕಿಯನ್ನು ಬಾಟಲಿಗಟ್ಟಲೆ ತರಿಸಿ, ಸೋಡ, ಐಸು ಬಕೆಟ್ ಇಟ್ಟುಕೊಂಡು ಕೂರುವುದು ರೂಢಿ. ಪರಿಚಾರಕರು ಲೋಟ ಖಾಲಿಯಾಗಲು ಬಿಡುವುದಿಲ್ಲ. ಎರಡು ಗುಟುಕಿಗೊಮ್ಮೆ ಐಸು, ಸೋಡ ತುಂಬಿ ಹೋಗುತ್ತಾರೆ. ಎಂಥ ಉಪಚಾರ ಎನಿಸುತ್ತದೆ. ಬಿಲ್ ಬಂದಾಗ ವಿಸ್ಕಿ ಒಂದು ಸಾಲು, ಐಸು ಸೋಡಗಳದ್ದು ಉದ್ದದ ಪಟ್ಟಿ. ಎತ್ತರದ ಕಟ್ಟಡಗಳ ನೆತ್ತಿಯ ಬಾರುಗಳಲ್ಲಿ ಮೆನುವಿನ ಬೆಲೆಯ ಪಕ್ಕ ಎರಡು ಪ್ಲಸ್ ಚಿಹ್ನೆ ಇದ್ದರೆ ಗಮನಿಸಿ. ಮೊದಲು ಶೇ. 10 ಸೇವಾ ಶುಲ್ಕ, ಅದು ಸೇರಿದ ಮೊತ್ತದ ಮೇಲೆ ಶೇ. 7 ತೆರಿಗೆ. 400 ಬಾತ್‌ನ ಕಾಕ್‌ಟೇಲ್ 440 ಆಗಿ, ಆಮೇಲೆ 470 ಬಾತ್ 80 ಸತಾಂಗ್ (ಅಲ್ಲಿನ ಪೈಸೆ) ಆಗುತ್ತದೆ. ಮೇಲೆ ಗಾಳಿ ಚೆನ್ನಾಗಿರುತ್ತದೆ, ನಿಜ.

ಮನೆಗೆ ಮರಳುವ ಖರ್ಚಿನಲ್ಲೂ ಗಡಿಯಾರದ ಕೈವಾಡವಿದೆ. ಆಕಾಶ ರೈಲು, ಅದೇ ಬಿಟಿಎಸ್, ಮಧ್ಯರಾತ್ರಿಯ ಹೊತ್ತಿಗೆ ನಿಲ್ಲುತ್ತದೆ. ಬಾರುಗಳು ಸಾಮಾನ್ಯವಾಗಿ 2ರವರೆಗೆ, ಪರವಾನಗಿ ಇರುವ ಕೆಲವು 2023ರ ಡಿಸೆಂಬರಿನಿಂದ 4ರವರೆಗೂ ತೆರೆದಿರುತ್ತವೆ. ನಡುವಿನ ಈ ಗಂಟೆಗಳು ಟ್ಯಾಕ್ಸಿಯವರ ಸುಗ್ಗಿ. ಮೀಟರು ಶುರುವಾಗುವುದು 35 ಬಾತ್‌ಗೆ. ಖಾಲಿ ರಸ್ತೆಯಲ್ಲಿ ಹತ್ತು ಕಿಲೋಮೀಟರಿಗೆ ನೂರರ ಆಸುಪಾಸು ಆಗಬೇಕು. ಬಾರಿನ ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುವವರು ಮೀಟರಿನ ಮಾತೇ ಎತ್ತದೆ ಮುನ್ನೂರು ಕೇಳುತ್ತಾರೆ. ಎರಡು ಬೀದಿ ಆಚೆ ನಡೆದು, ಮುಂದಿನ ಗಾಜಿನಲ್ಲಿ ಕೆಂಪು ದೀಪ ಹೊತ್ತಿಸಿಕೊಂಡು ಓಡುತ್ತಿರುವ ಗಾಡಿಗೆ ಕೈ ಅಡ್ಡ ಹಿಡಿದರೆ ಮೀಟರು ಹಾಕುವ ಸಂಭವ ಹೆಚ್ಚು. ನಿಂತ ಗಾಡಿಯವನು ದರ ಹೇಳುತ್ತಾನೆ, ಓಡುವ ಗಾಡಿಯವನು ಗಿರಾಕಿ ಹುಡುಕುತ್ತಾನೆ. ಹಗಲಿನಲ್ಲಾದರೆ ಕೆಂಪು ಬಸ್ಸಿದೆ: ಏಸಿ ಇಲ್ಲ, ಕಿಟಕಿ ತೆರೆದೇ ಇರುತ್ತದೆ, ಎಷ್ಟು ದೂರ ಹೋದರೂ 8 ಬಾತ್.

ತಂಪೂ ಬೇಕು, ಅಗ್ಗವೂ ಬೇಕು ಎನ್ನುವವರಿಗೆ ಇರುವ ಒಂದೇ ಕಳ್ಳದಾರಿ ಮಾಲುಗಳ ಫುಡ್ ಕೋರ್ಟ್. ಅಸೋಕ್‌ನ ಟರ್ಮಿನಲ್ 21 ಎಂಬ ಮಾಲಿನ ಮೇಲಂತಸ್ತಿನಲ್ಲಿರುವ ಪಿಯರ್ 21 ಇದಕ್ಕೆ ಹೆಸರುವಾಸಿ. ಬೀದಿಯ ದರದಲ್ಲೇ ಊಟ, ಕೆಲವೊಮ್ಮೆ ಅದಕ್ಕಿಂತ ಕಡಿಮೆಗೆ, ಅದೂ ಏಸಿಯಲ್ಲಿ. ಮೇಲಂತಸ್ತಿಗೆ ಜನ ಹತ್ತಿದರೆ ಇಳಿಯುವಾಗ ನಡುವಿನ ಮಹಡಿಗಳಲ್ಲಿ ಏನಾದರೂ ಕೊಂಡೇ ಇಳಿಯುತ್ತಾರೆ ಎಂಬುದು ಮಾಲಿನವರ ಎಣಿಕೆಯಿರಬೇಕು. ಕೌಂಟರಿನಲ್ಲಿ ಕಾರ್ಡಿಗೆ ದುಡ್ಡು ತುಂಬಿಸಿಕೊಂಡು ತಿನ್ನಬೇಕು, ಹೊರಡುವಾಗ ಉಳಿದದ್ದನ್ನು ಕೇಳಿ ವಾಪಸು ಪಡೆಯಬೇಕು. ಕಾರ್ಡು ಜೇಬಿನಲ್ಲೇ ಉಳಿದು ಊರಿಗೆ ಬಂದರೆ ಅದೊಂದು ದುಬಾರಿ ಊಟ.

ತಿಂಗಳುಗಟ್ಟಲೆ ಇರುವವರಿಗೆ ಅಸಲು ಪರೀಕ್ಷೆ ಕರೆಂಟ್ ಬಿಲ್ಲು. ಬಾಡಿಗೆ ಕೇಳಿದಾಗ ಎಲ್ಲರೂ ಖುಷಿಯಾಗುತ್ತಾರೆ. ಹಳೆಯ ಕಟ್ಟಡದ ಫ್ಯಾನ್ ಕೋಣೆ 4,000 ಬಾತ್ ಆಸುಪಾಸಿಗೆ ಸಿಕ್ಕೀತು. ಆನ್ ನುಟ್ ಕಡೆ ರೈಲು ನಿಲ್ದಾಣದ ಹತ್ತಿರ ಏಸಿ ಸ್ಟುಡಿಯೊ 10,000ದಿಂದ 15,000. ಎರಡು ತಿಂಗಳ ಠೇವಣಿ, ಒಂದು ತಿಂಗಳ ಮುಂಗಡ ಎಂದಾಗ, ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿದವರಿಗೆ ಮಾಲೀಕನ ಮೇಲೆ ಪ್ರೀತಿಯೇ ಹುಟ್ಟುತ್ತದೆ. ಆ ಪ್ರೀತಿಯಲ್ಲಿ ಒಂದು ಪ್ರಶ್ನೆ ಮರೆತುಹೋಗುತ್ತದೆ: ಕರೆಂಟು ಯೂನಿಟ್ಟಿಗೆ ಎಷ್ಟು? ವಿದ್ಯುತ್ ಕಂಪನಿಗೆ ನೇರವಾಗಿ ಕಟ್ಟುವುದಾದರೆ 4 ಬಾತ್ ಮೇಲೆ ಚಿಲ್ಲರೆ. ಕಟ್ಟಡದ ಮಾಲೀಕರೇ ವಸೂಲಿ ಮಾಡುವಲ್ಲಿ ಏಳೋ ಎಂಟೋ ಇರುವುದು ಮಾಮೂಲು. 12,000 ಬಿಟಿಯು, ಅಂದರೆ ನಮ್ಮ ಲೆಕ್ಕದಲ್ಲಿ ಒಂದು ಟನ್ನಿನ, ಏಸಿಯನ್ನು ದಿನಕ್ಕೆ ಎಂಟು ಗಂಟೆ ಓಡಿಸಿದರೆ, ಗಂಟೆಗೆ ಸರಾಸರಿ 0.7 ಯೂನಿಟ್ಟಿನಂತೆ, ತಿಂಗಳಿಗೆ 168 ಯೂನಿಟ್. ನಾಲ್ಕು ಬಾತ್‌ನಂತೆ 672, ಎಂಟರಂತೆ 1,344. ಅದೇ ಎಂಟು ಗಂಟೆ 50 ವಾಟಿನ ಫ್ಯಾನ್ ತಿರುಗಿದರೆ ತಿಂಗಳಿಗೆ 12 ಯೂನಿಟ್, ಎಂಟರ ದರದಲ್ಲೂ ನೂರು ಬಾತ್ ಒಳಗೇ. ಪಶ್ಚಿಮಕ್ಕೆ ಕಿಟಕಿ ಇರುವ ಕೋಣೆಯಾದರೆ ಸಂಜೆಯ ಬಿಸಿಲಿಗೆ ಗೋಡೆ ಕಾದು ಏಸಿ ರಾತ್ರಿಯೆಲ್ಲ ಏದುಸಿರು ಬಿಡುತ್ತದೆ, ಬಿಲ್ಲು ಇನ್ನೂ ಮೇಲೆ. ಕೋಣೆ ನೋಡಲು ಸಂಜೆ ನಾಲ್ಕಕ್ಕೆ ಹೋಗಿ ಗೋಡೆ ಮುಟ್ಟಿ ನೋಡಬೇಕು. ಒಳಗೆ ಸೇರುವ ದಿನ ಮೀಟರಿನ ಅಂಕಿಯನ್ನು ಫೋಟೊ ತೆಗೆದಿಟ್ಟುಕೊಳ್ಳಬೇಕು. ಏಸಿಯ ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆಯಬೇಕು. ಇಲ್ಲದಿದ್ದರೆ ಧೂಳು ಕಟ್ಟಿ, ಐಸು ಹಿಡಿದು, ಹಾಸಿಗೆಯ ಮೇಲೆ ನೀರು ತೊಟ್ಟಿಕ್ಕುತ್ತದೆ. ಅದನ್ನು ತೊಳೆಸಿದ ಖರ್ಚು ಯಾರದೆಂದು ಮೊದಲೇ ಕರಾರಿನಲ್ಲಿ ಓದಿಕೊಂಡಿರಬೇಕು.

ಇಷ್ಟೆಲ್ಲ ಕೊಟ್ಟು ಕೊಂಡ ತಂಪನ್ನು ಊರಿನವರು ಏನು ಮಾಡುತ್ತಾರೆ? ಸ್ವೆಟರ್ ಹಾಕಿಕೊಳ್ಳುತ್ತಾರೆ. ಆಫೀಸುಗಳಲ್ಲಿ ಕುರ್ಚಿಯ ಬೆನ್ನಿಗೆ ಒಂದೊಂದು ತೂಗುತ್ತಿರುತ್ತದೆ, ಸಿನಿಮಾ ಮಂದಿರಕ್ಕೆ ಹೋಗುವವರ ಚೀಲದಲ್ಲಿ ಒಂದಿರುತ್ತದೆ, ರೈಲಿನಲ್ಲೂ ತೋಳು ಉಜ್ಜಿಕೊಳ್ಳುವವರು ಕಾಣುತ್ತಾರೆ. ಬ್ಯಾಂಕಾಕಿನಲ್ಲಿ ಸೆಕೆ ಎಂದು ಕೇಳಿ, ಸ್ವೆಟರನ್ನು ಮನೆಯಲ್ಲೇ ಬಿಟ್ಟು ಬೆಂಗಳೂರಿನಿಂದ ನಾಲ್ಕು ಗಂಟೆಯ ವಿಮಾನ ಹತ್ತುವವರು ಚೀಲಕ್ಕೆ ಒಂದು ಶಾಲು ಹಾಕಿಕೊಂಡರೆ ಒಳ್ಳೆಯದು, ಹತ್ತಿಯದೇ ಸಾಕು.